ವೇದಿಕೆಯ ಮೇಲೆ ಸುತ್ತಿಟ್ಟ ಪ್ರಶ್ನೆ

ಹೊಸ ವಿದ್ಯಾರ್ಥಿಗಳಿಗೆ ಸಮ್ಮತಿಯ ಪಾಠ ಹೇಳಲು ಉದ್ದಕ್ಕೆ ಬೆಳೆದು ಜಿರಾಫೆ ಅನ್ನಿಸಿಕೊಂಡ ಸೀನಿಯರ್ ಹುಡುಗ ವೇದಿಕೆ ಹತ್ತಿದಾಗ, ಅವನ ನೆತ್ತಿಗೆ ನೇರವಾಗಿ, ದೀಪಗಳನ್ನು ತೂಗುಹಾಕುವ ಕಬ್ಬಿಣದ ಕೊಳವೆಯ ಮೇಲೆ ಒಂದು ಬ್ಯಾನರ್ ಸುತ್ತಿಕೊಂಡು ಮಲಗಿತ್ತು. ಅದನ್ನು ಬಲ್ಲವರು ಇಡೀ ಸಭಾಂಗಣದಲ್ಲಿ ಇಬ್ಬರೇ. ಒಬ್ಬ ಜಿರಾಫೆ. ಇನ್ನೊಬ್ಬ ಅವನ ಹಾಸ್ಟೆಲ್ ಕೋಣೆಯ ಜೊತೆಗಾರ ಪೇಂಟರ್; ಪಕ್ಕದ ಪರದೆಯ ಮರೆಯಲ್ಲಿ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದ. ಪಾಠದ ಕೊನೆಗೆ ಜಿರಾಫೆ ಕನ್ನಡಕ ತೆಗೆಯಬೇಕು, ಪೇಂಟರ್ ದಾರ ಎಳೆಯಬೇಕು, ಬ್ಯಾನರ್ ಧಡಕ್ಕನೆ ಬಿಚ್ಚಿಕೊಳ್ಳಬೇಕು. ಅದರ ಮೇಲೆ, ಕೆಂಪು ಹೃದಯದ ನಡುವೆ, "ಇಡೀ ಕಾಲೇಜು ಕಾಯ್ತಿದೆ, ಹೂಂ ಅಂದುಬಿಡು!" ಎಂದು ಬರೆದಿತ್ತು.

ಹೂಂ ಅನ್ನಬೇಕಾದವಳು ಜಡ್ಜ್. ಯಾವ ಜಗಳಕ್ಕೂ ಅರ್ಧ ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದುದರಿಂದ ಆ ಹೆಸರು. ಕಾಲೇಜಿನ ಆಪ್ತಸಮಾಲೋಚಕಿ ಮೇಡಂ ಇಬ್ಬರಿಗೂ ತರಬೇತಿ ಕೊಟ್ಟು ಕಳೆದ ವರ್ಷ ಜೋಡಿ ಮಾಡಿದ್ದರು. ಅಂದಿನಿಂದ ಇಬ್ಬರೂ ಸೇರಿ ಈ ಪಾಠ ನಡೆಸುತ್ತ ಬಂದಿದ್ದರು. ಜಿರಾಫೆಗೆ ಅವಳ ಮೇಲೆ ಮನಸ್ಸಾಗಿ ಆರು ತಿಂಗಳಾಗಿತ್ತು. ಅವಳು ಒಪ್ಪುತ್ತಾಳೋ ಇಲ್ಲವೋ ಎಂದು ಮೀನಮೇಷ ಎಣಿಸಿ ಸಾಕಾಗಿ, ಅವನು ಪೇಂಟರನ ಮಾತಿಗೆ ತಲೆಯಾಡಿಸಿಬಿಟ್ಟಿದ್ದ. ವರ್ಷಪೂರ್ತಿ ಸಮ್ಮತಿಯ ಬಗ್ಗೆ ಮಾತಾಡಿದವನಿಗೆ ಆ ಬ್ಯಾನರಿನಲ್ಲಿ ತಪ್ಪೇನೂ ಕಂಡಿರಲಿಲ್ಲ ಅನ್ನುವುದೇ ತಮಾಷೆ.

ಪಾಠ ಚೆನ್ನಾಗಿಯೇ ಶುರುವಾಯಿತು. ಮೊದಲು ಕಿರುನಾಟಕ. ಗೆಳತಿಯ ಫೋನಿನ ಪಾಸ್‌ವರ್ಡ್ ಕೇಳಿ ಪೀಡಿಸುವ ಹುಡುಗ ಜಿರಾಫೆ.

"ಪ್ರೀತಿ ಇದ್ರೆ ಮುಚ್ಚಿಡೋದೇನಿದೆ?" ಎಂದು ಅವನು ಗುಡುಗಿದ.

"ನನ್ನ ಹಲ್ಲುಜ್ಜೋ ಬ್ರಷ್ಷೂ ಬೇಕಾ?" ಎಂದಳು ಜಡ್ಜ್.

ಸಭಾಂಗಣ ಗೊಳ್ಳೆಂದಿತು. ನಾಟಕದ ಹುಡುಗ ಅವಳ ಮಣಿಕಟ್ಟು ಹಿಡಿಯಲು ಕೈ ಚಾಚಿದಾಗ ಮಾತ್ರ ನಗು ನಿಂತುಹೋಯಿತು. ಮೇಡಂ ಎದ್ದು ಬಂದು, ಹೊಡೆತ ಶುರುವಾಗುವುದು ಹೊಡೆಯುವುದಕ್ಕೆ ಬಹಳ ಮುಂಚೆಯೇ ಎಂದರು. ನೋಡುತ್ತ ನಿಂತವರು ಏನು ಮಾಡಬಹುದು, ಯಾರನ್ನು ಕರೆಯಬಹುದು, ತಮ್ಮ ಕೋಣೆ ಎಲ್ಲಿದೆ ಎಂದೆಲ್ಲ ಹೇಳಿ ಮತ್ತೆ ಮುಂದಿನ ಸಾಲಿನಲ್ಲಿ ಕೂತರು.

ಆಮೇಲೆ ಜಡ್ಜ್ ತಾನೇ ಕಟ್ಟಿದ ಆಟ. ಮಕ್ಕಳು ಒಂದು ಸನ್ನಿವೇಶ ಹೇಳಬೇಕು, ಅವಳು ಒಂದೇ ಪ್ರಶ್ನೆ ಕೇಳುತ್ತಾಳೆ: "ಬಾಗಿಲು ಎಲ್ಲಿದೆ?" ಅಂದರೆ, ಬೇಡ ಅನ್ನಿಸಿದವರು ಏನನ್ನೂ ಕಳೆದುಕೊಳ್ಳದೆ ಎದ್ದು ಹೋಗಬಹುದಾ? ಹೋಗಬಹುದಾದರೆ ಮಾತ್ರ ಅವರ ಹೂಂಗೆ ಬೆಲೆ.

ಮೂರನೇ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಅಕ್ಕಾ, ನಮ್ಮಣ್ಣ ಆಫೀಸಿನ ಪಾರ್ಟೀಲಿ ಎಲ್ಲರೆದುರು ಮಂಡಿಯೂರಿ ನಮ್ಮತ್ತಿಗೇನ ಕೇಳಿದ್ನಂತೆ. ಅವರು ಹೂಂ ಅಂದ್ರು. ಈಗ ಚೆನ್ನಾಗೇ ಇದ್ದಾರೆ. ಅದೂ ತಪ್ಪಾ?"

"ತಪ್ಪು ಸರಿ ಆಮೇಲೆ. ಬಾಗಿಲು ಎಲ್ಲಿತ್ತು?"

ಹುಡುಗಿ ಯೋಚಿಸಿದಳು. "ಇತ್ತಕ್ಕ. ಆದ್ರೆ ಅಲ್ಲೀತನಕ ಎಲ್ಲರೂ ಫೋನ್ ಎತ್ತಿಕೊಂಡು ವಿಡಿಯೋ ಮಾಡ್ತಾ ನಿಂತಿದ್ರಂತೆ. ಅತ್ತಿಗೆ ಈಗಲೂ ಅಂತಾರೆ, ಅವತ್ತು ನಿಮ್ಮಣ್ಣ ಏನು ಕೇಳಿದ ಅನ್ನೋದೇ ನನಗೆ ಕೇಳಿಸಲಿಲ್ಲ, ಬರೀ ಚಪ್ಪಾಳೆ ಕೇಳಿಸ್ತು ಅಂತ."

"ಪುಣ್ಯಕ್ಕೆ ಅವರಿಗೆ ನಿಮ್ಮಣ್ಣ ಇಷ್ಟವಾಗಿದ್ದ," ಎಂದಳು ಜಡ್ಜ್. "ಇಷ್ಟವಾಗದೆ ಇದ್ದಿದ್ರೆ?"

ಜಿರಾಫೆ ತಲೆಯೆತ್ತಿ ಕೊಳವೆ ನೋಡಿದ. ಅವನು ಸಭಾಂಗಣದ ಬಾಗಿಲು ಹುಡುಕಿದ. ಅದು ಎಲ್ಲೋ ಹಿಂದೆ, ಸಾಲುಸಾಲು ಮೊಣಕಾಲುಗಳ ಆಚೆ ಇತ್ತು. ಹಣೆ ಬೆವರತೊಡಗಿತು. ಕನ್ನಡಕದ ಮೇಲೆ ಆವಿ ಕೂತು ಎದುರಿನ ಮುಖಗಳೆಲ್ಲ ಕಲೆಸಿಹೋದವು.

"ಕನ್ನಡಕ ಒರೆಸಿಕೊಳ್ಳಪ್ಪ," ಎಂದರು ಮೇಡಂ ಕೆಳಗಿನಿಂದ.

"ಬೇಡ ಮೇಡಂ! ಚೆನ್ನಾಗಿ ಕಾಣ್ತಿದೆ."

"ನೀನು ಗೋಡೆ ಕಡೆ ನೋಡ್ಕೊಂಡು ಮಾತಾಡ್ತಿದ್ದೀಯ ಕಣೋ," ಎಂದು ಜಡ್ಜ್ ಮೈಕಿನಲ್ಲೇ ಹೇಳಿದಳು.

ಕನ್ನಡಕ ಮೂಗಿನ ತುದಿಗೆ ಜಾರಿತು. ಜಿರಾಫೆ ಅದನ್ನು ಎರಡೂ ಕೈಯಿಂದ ಒತ್ತಿಹಿಡಿದು, "ಒಂದ್ನಿಮಿಷ, ನೀರು ಕುಡಿದು ಬರ್ತೀನಿ," ಎಂದು ಪರದೆಯ ಹಿಂದಕ್ಕೆ ಓಡಿದ. ಮಕ್ಕಳಿಗೆ ಅದೂ ನಾಟಕವೇ ಅನ್ನಿಸಿರಬೇಕು, ಶಿಳ್ಳೆ ಹೊಡೆದರು.

ಪೇಂಟರ್ ಬಿಸ್ಕತ್ತು ತಿನ್ನುತ್ತಿದ್ದ. "ಸಿಗ್ನಲ್ ಕೊಡೋದು ಬಿಟ್ಟು ಇಲ್ಲಿಗೇ ಬಂದ್ಯಲ್ಲೋ?"

"ದಾರ ಬಿಡು. ಬ್ಯಾನರ್ ಬೇಡ."

"ತಲೆ ಕೆಟ್ಟಿದ್ಯಾ? ರಾತ್ರಿಯೆಲ್ಲ ನಿದ್ದೆಗೆಟ್ಟು ಬರೆದಿದ್ದೀನಿ. ಹೃದಯ ಎಷ್ಟು ಗುಂಡಗೆ ಬಂದಿದೆ ಗೊತ್ತಾ?"

"ಅವಳು ಬೇಡ ಅನ್ನೋದಕ್ಕೆ ಜಾಗವೇ ಇಲ್ಲ ಕಣೋ ಅದರಲ್ಲಿ."

"ಬೇಡ ಅನ್ನಬಾರದು ಅಂತ ತಾನೇ ಇಷ್ಟೆಲ್ಲ ಮಾಡಿದ್ದು!" ಎಂದ ಪೇಂಟರ್. ಅಂದವನೇ ಬಾಯಲ್ಲಿದ್ದ ಬಿಸ್ಕತ್ತು ಅಗಿಯುವುದನ್ನು ಮರೆತ. ತನ್ನ ಮಾತು ತನಗೇ ಕೇಳಿಸಿತ್ತು. ಆಮೇಲೆ ಒಂದೊಂದೇ ಸುತ್ತಾಗಿ ಬೆರಳಿನಿಂದ ದಾರ ಬಿಚ್ಚಿದ.

ಮೊದಲ ಗುಂಪು ಹೋಗಿ ಎರಡನೆಯದು ಬರುವ ನಡುವೆ ಬಿಡುವಿತ್ತು. ಜಡ್ಜ್ ಹೊರಗಿನ ವರಾಂಡದ ಕಟ್ಟೆಯ ಮೇಲೆ ಕೂತು ಮೈಕಿನ ಬ್ಯಾಟರಿ ಬದಲಾಯಿಸುತ್ತಿದ್ದಳು. ಜಿರಾಫೆ ನಾಲ್ಕು ಮಾರು ದೂರದಲ್ಲೇ ನಿಂತ.

"ಒಂದು ವಿಷಯ ಹೇಳ್ಬೇಕು. ಈಗ ಕೇಳೋಕಾಗುತ್ತಾ, ಆಮೇಲೆ ಹೇಳ್ಲಾ?"

"ಹೇಳು, ಕಿವಿ ಖಾಲಿ ಇದೆ."

"ನೀನಂದ್ರೆ ನನಗಿಷ್ಟ. ಫ್ರೆಂಡ್ ಅನ್ನೋದಕ್ಕಿಂತ ಜಾಸ್ತಿ. ನಿನಗೆ ಹಾಗನ್ನಿಸದೆ ಇದ್ರೆ ಇಲ್ಲ ಅನ್ನು. ಏನೇ ಅಂದ್ರೂ ಎರಡನೇ ಪಾಠಕ್ಕೆ ನಾನಿರ್ತೀನಿ."

ಅವಳು ಬ್ಯಾಟರಿಯ ಮುಚ್ಚಳ ಒತ್ತಿ ಕೂರಿಸಿದಳು. ತೀರ್ಪಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

"ಇಲ್ಲ ಕಣೋ. ಯೋಚನೆ ಮಾಡಿ ಹೇಳ್ತೀನಿ ಅನ್ನಬಹುದಿತ್ತು. ಸುಮ್ಮನೆ ನಿನ್ನ ಕಾಯಿಸಿದ ಹಾಗಾಗುತ್ತೆ. ನಿನ್ನ ಜೊತೆ ಕೆಲಸ ಮಾಡೋದು ನನಗಿಷ್ಟ, ನಿನ್ನ ಕಾಲೆಳೆಯೋದು ಇನ್ನೂ ಇಷ್ಟ. ಅಷ್ಟೇ."

'ಯಾಕೆ' ಅನ್ನುವ ಮಾತು ಜಿರಾಫೆಯ ಗಂಟಲವರೆಗೂ ಬಂತು. ಅವನು ಅದನ್ನು ನುಂಗಿ, ಅದರ ಬದಲು ಬ್ಯಾನರಿನ ಕಥೆಯೆಲ್ಲ ಹೇಳಿಬಿಟ್ಟ. ಜಡ್ಜ್ ಬಾಯಿ ತೆರೆದುಕೊಂಡು ಕೇಳಿದಳು.

"ಆ ಕೊಳವೆ ಮೇಲಾ? ನನ್ನ ತಲೆ ಮೇಲೆ?"

"ಹೂಂ."

"ಬಿಚ್ಚಿಕೊಂಡಿದ್ರೆ ಏನು ಮಾಡ್ತಿದ್ದೆ ಗೊತ್ತಾ? ನಗ್ತಾ ಹೂಂ ಅಂತಿದ್ದೆ. ಆ ಮಕ್ಕಳ ಮುಂದೆ ಇನ್ನೇನು ಅನ್ನಲಿ? ಆಮೇಲೆ ನೀನು ಬರೋ ದಾರೀಲಿ ನಾನು ಓಡಾಡ್ತಾನೇ ಇರಲಿಲ್ಲ. ಈ ಪಾಠಾನೂ ಬಿಡ್ತಿದ್ದೆ." ಅವಳು ನಗುತ್ತಿರಲಿಲ್ಲ. ಮೈಕನ್ನು ಪಕ್ಕಕ್ಕಿಟ್ಟು, "ಬಂದು ಕೇಳಿದ್ದು ಒಳ್ಳೇದಾಯ್ತು," ಎಂದಳು. "ಮುಖ ಯಾಕೋ ಬಿಳಿಚಿಕೊಂಡಿದೆ. ಕೂತ್ಕೋ."

"ಕೂತ್ರೆ ಏಳೋದು ಕಷ್ಟ."

"ಹಾಗಾದ್ರೆ ನಡಿ, ಮಕ್ಕಳು ಬಂದ್ರು."

ಎರಡನೇ ಗುಂಪು ಮಹಾ ತರಲೆ. ಕೊನೆಯಲ್ಲಿ ಹಿಂದಿನ ಸಾಲಿನ ದಪ್ಪ ಹುಡುಗನೊಬ್ಬ ಕೈಯೆತ್ತಿದ. "ಅಣ್ಣಾ, ನೀವು ಹೇಳಿದ ಹಾಗೇ ಮರ್ಯಾದೆಯಾಗಿ ಕೇಳಿದ್ವಿ ಅಂದ್ಕೊಳ್ಳಿ. ಅವರು ಇಲ್ಲ ಅಂದ್ರು. ಆಮೇಲೆ?"

"ಆ ಉತ್ತರವನ್ನು ಗೌರವಿಸಬೇಕು," ಎಂದ ಜಿರಾಫೆ, ತರಬೇತಿಯಲ್ಲಿ ಕಲಿತಿದ್ದನ್ನೇ.

"ಅದು ಹೊರಗಿನ ಪೋಸ್ಟರಲ್ಲೂ ಇದೆ. ಒಳಗೆ ಏನಾಗುತ್ತೆ ಹೇಳಿ."

ಜಿರಾಫೆ ಜಡ್ಜ್ ಕಡೆ ನೋಡಿದ. ಅವಳು ಭುಜ ಹಾರಿಸಿದಳು, ನಿನ್ನಿಷ್ಟ ಅನ್ನುವಂತೆ.

"ಮೊದಲು ಕಿವಿ ಬಿಸಿಯಾಗುತ್ತೆ," ಎಂದ ಅವನು. "ಯಾಕೆ ಅಂತ ಕೇಳೋಣ ಅನ್ಸುತ್ತೆ, ಕೇಳಬಾರದು. ಕಾಲು ಯಾರದೋ ಅನ್ನೋ ಹಾಗಾಗುತ್ತೆ. ಆದ್ರೂ ಅದೇ ಕಾಲಲ್ಲಿ ನಡ್ಕೊಂಡು ಬರಬಹುದು."

"ಅದಾದ್ಮೇಲೆ?"

"ಅದಾದ್ಮೇಲಿಂದು ನನಗಿನ್ನೂ ಗೊತ್ತಿಲ್ಲಪ್ಪ. ಒಂದು ಗಂಟೆ ಆಗಿದೆ ಅಷ್ಟೇ."

ಹಿಂದಿನ ಸಾಲಿನಲ್ಲಿ ಮೊದಲು ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲು ಎದ್ದುನಿಂತು ಚಪ್ಪಾಳೆ ಹೊಡೆಯಿತು. "ಯಾರಣ್ಣಾ ಅವರು?" ಎಂದು ದಪ್ಪ ಹುಡುಗ ಕೂಗಿದ.

"ಅದು ಅವರ ವಿಷಯ. ನಾನು ಹೇಳಲ್ಲ," ಎಂದ ಜಿರಾಫೆ. "ನನ್ನ ವಿಷಯ ಏನಪ್ಪಾ ಅಂದ್ರೆ, ವಿಪರೀತ ಹಸಿವಾಗ್ತಿದೆ."

ಜಡ್ಜ್ ನಗು ತಡೆಯಲು ಕೆಳತುಟಿ ಕಚ್ಚಿಕೊಂಡು, ಅವನ ಕೈಯಿಂದ ಮೈಕ್ ತೆಗೆದುಕೊಳ್ಳಲು ಬಂದು, ಅರ್ಧದಲ್ಲೇ ನಿಂತು, "ಕೊಡ್ತೀಯಾ?" ಎಂದು ಕೇಳಿದಳು.