ಪೆನ್ಸಿಲ್ ಕೂತ ಕಿವಿ

ನಮ್ಮ ಯಜಮಾನರು ಬಡಗಿ. ಮನೆಯ ಹಿಂದೆ ತಗಡಿನ ಸೂರಿನಡಿ ಅವರ ಕೆಲಸದ ಜಾಗ. ನಡುವೆ ಕರೆಂಟಿನ ಗರಗಸ ಕೂರಿಸಿದ ಕಬ್ಬಿಣದ ಮೇಜು, ಗೋಡೆಯ ಉದ್ದಕ್ಕೂ ಉಳಿ, ಕೀಸುಳಿ, ಅಂಟಿನ ಡಬ್ಬ. ನನ್ನ ಅಡುಗೆಮನೆಯ ಕಿಟಕಿ ಅಲ್ಲಿಗೇ ತೆರೆಯುತ್ತದೆ. ಹಾಗಾಗಿ ಅಲ್ಲಿ ಏನೇ ಆದರೂ ಮೊದಲು ಎದೆ ಹೊಡೆದುಕೊಳ್ಳುವುದು ನನಗೆ.

ಫೋನ್ ಬಂದರೆ ಅವರು ಕೈಯಲ್ಲಿ ಹಿಡಿಯುವುದಿಲ್ಲ. ಹಿಡಿಯಲು ಕೈ ಎಲ್ಲಿ ಖಾಲಿ ಇರುತ್ತದೆ? ಬಲ ಭುಜ ಎತ್ತಿ, ತಲೆ ವಾಲಿಸಿ, ನಡುವೆ ಫೋನ್ ಸಿಕ್ಕಿಸಿಕೊಂಡು, ಹಲಗೆ ತಳ್ಳುತ್ತಲೇ "ಆಯ್ತು ಸ್ವಾಮಿ, ನಾಳೆ ಕೊಡ್ತೀನಿ" ಎನ್ನುತ್ತಾರೆ. ಆ ನಾಳೆ ಯಾವ ನಾಳೆಯೋ ಅವರಿಗೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ಹಾಗೆ ಮಾತಾಡುವಾಗ ಫೋನ್ ಜಾರಿ ಮೇಜಿನ ಮೇಲೆ ಬಿತ್ತು. ಹಿಡಿಯಲು ಕೈ ಹೋಯಿತು. ಗರಗಸ ಓಡುತ್ತಲೇ ಇತ್ತು. ಅಂಗಿಯ ತೋಳಿನ ಗುಂಡಿ ಹಾರಿ ಬಂದು ನನ್ನ ಕಿಟಕಿಯ ಸರಳಿಗೆ ಬಡಿಯಿತು. ಗುಂಡಿಗೂ ಮಣಿಕಟ್ಟಿಗೂ ನಡುವೆ ಎಷ್ಟು ಜಾಗ ಇರುತ್ತದೆ, ನೀವೇ ನೋಡಿಕೊಳ್ಳಿ. ಅವರು ಮಾತ್ರ, "ಗುಂಡಿ ತಾನೆ, ಹೊಲಿದುಕೊಡು" ಎಂದರು.

"ಕೈ ಹೋದ್ರೆ ಯಾವ ದಾರದಲ್ಲಿ ಹೊಲೀಲಿ?" ಎಂದೆ.

ಅಂದೇ ಮೊಬೈಲ್ ಅಂಗಡಿಗೆ ಹೋದೆ. ಕೈಯಲ್ಲಿ ಫೋನ್ ಹಿಡಿಯದೆ ಮಾತಾಡಲು ವೈರ್ ಇಲ್ಲದ ಹೆಡ್‌ಸೆಟ್ ಬೇಕು ಎಂದೆ. ಅಂಗಡಿಯವನು ಗಾಜಿನ ಮೇಲೆ ಸಾಲಾಗಿ ಇಟ್ಟ. ಕಡಲೆಬೀಜದಷ್ಟು ಚಿಕ್ಕದು, ಕುತ್ತಿಗೆಗೆ ಹಾಕುವ ಪಟ್ಟಿ, ತಲೆಯ ಮೇಲೆ ಕೂರುವುದು, ಒಂದೇ ಕಿವಿಗೆ ಸಿಕ್ಕಿಸುವುದು. ನೋಡುತ್ತ ನೋಡುತ್ತ ನನ್ನ ತಲೆ ಕೆಟ್ಟುಹೋಯಿತು.

"ಯಾವುದು ಬೇಕಮ್ಮ?"

"ಒಳ್ಳೇದು."

"ಎಲ್ಲಾ ಒಳ್ಳೇವೇ. ಬ್ಲೂಟೂತ್ ಐದರದ್ದಾ, ಐದು ಪಾಯಿಂಟ್ ಮೂರರದ್ದಾ?"

ಚಪ್ಪಲಿ ಅಳತೆ ಕೇಳಿದ ಹಾಗಿತ್ತು. ನಾನು ತಬ್ಬಿಬ್ಬಾಗಿ, "ನಮ್ಮನೇಲಿ ಗರಗಸದ ಸದ್ದು ಜಾಸ್ತಿ" ಎಂದಷ್ಟೇ ಹೇಳಿದೆ.

"ಹಾಗಿದ್ರೆ ಇದು ತಗೊಳ್ಳಿ. ಎರಡೂ ಕಿವಿಯ ತೂತು ಗಟ್ಟಿಯಾಗಿ ಮುಚ್ಚುತ್ತೆ. ಹೊರಗಿನ ಸದ್ದು ಒಂಚೂರೂ ಒಳಗೆ ಬರಲ್ಲ."

ಇನ್ನೇನು ಬೇಕು ಎಂದು ಖುಷಿಯಿಂದ ತಂದೆ. ಎರಡು ದಿನ ಅವರ ಕುತ್ತಿಗೆ ನೆಟ್ಟಗೆ ನಿಂತಿತ್ತು. ಮೂರನೆಯ ದಿನ ಹಳೆಯ ಬಾಗಿಲ ಚೌಕಟ್ಟನ್ನು ಕೊಯ್ಯುತ್ತಿದ್ದರು. ಹಳೆಯ ಮರದೊಳಗೆ ಮೊಳೆ ಅಡಗಿರುತ್ತದೆ. ಗರಗಸಕ್ಕೆ ಮೊಳೆ ಸಿಕ್ಕ ಕೂಡಲೇ ಸದ್ದು ಬದಲಾಗುತ್ತದೆ, ಬಡಗಿ ಆ ಸದ್ದು ಕೇಳಿ ಮರ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಅಂದು ಕಿರ್ರನೆ ಸದ್ದು ಬಂದದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿತು, ಅವರಿಗೆ ಕೇಳಲಿಲ್ಲ. ಯಾರದೋ ಬೀರುವಿನ ಅಳತೆ ಮಾತಾಡುತ್ತ ಮರ ತಳ್ಳುತ್ತಲೇ ಇದ್ದರು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಗರಗಸದ ಎರಡು ಹಲ್ಲು ಮುರಿದಿದ್ದವು.

"ನಂಗೆ ಗೊತ್ತೇ ಆಗ್ಲಿಲ್ಲ ಕಣೇ" ಎಂದರು. ಅವರ ಮುಖ ಬಿಳಿಚಿದ್ದನ್ನು ಮೊದಲ ಸಲ ನೋಡಿದೆ.

ಭುಜಕ್ಕೆ ಫೋನ್ ಸಿಕ್ಕಿಸಿದರೆ ಕೈಗೆ ಕುತ್ತು, ಕಿವಿ ಮುಚ್ಚಿದರೂ ಕೈಗೇ ಕುತ್ತು. ಅತ್ತ ದರಿ, ಇತ್ತ ಪುಲಿ. ಅಂಗಡಿಯವನು ಒಳ್ಳೆಯವನು, ಅದನ್ನು ವಾಪಸ್ ಪಡೆದು ಒಂದೇ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಕೊಟ್ಟ.

ಅಸಲಿ ಗೊಂದಲ ಶುರುವಾದದ್ದು ಆಮೇಲೆ. ಅವರು ಹಾಕಿಕೊಂಡು, "ಇದರಲ್ಲಿ ಮಾತೇ ಬರ್ತಿಲ್ಲ, ಏನೋ ಗುಂಯ್ ಅನ್ನುತ್ತೆ ಅಷ್ಟೆ" ಎಂದರು. ಅಂಗಡಿಗೆ ಒಯ್ದೆ. ಅವನು ಹಾಕಿ ನೋಡಿ, "ಚೆನ್ನಾಗೇ ಕೇಳ್ತಿದೆಯಲ್ಲಮ್ಮ" ಎಂದ. ನಾನು ಹಾಕಿ ನೋಡಿದೆ, ಗಂಟೆ ಹೊಡೆದ ಹಾಗೆ ಕೇಳಿತು. ಮನೆಗೆ ತಂದರೆ ಮತ್ತೆ ಗುಂಯ್. ಅವನು ಬೇರೆ ಕೊಟ್ಟ. ಅದೂ ಗುಂಯ್. ನನ್ನ ಕಿವಿಯಲ್ಲಿ ಮಾತಾಡುತ್ತದೆ, ಅಂಗಡಿಯವನ ಕಿವಿಯಲ್ಲಿ ಮಾತಾಡುತ್ತದೆ, ಇವರ ಹತ್ತಿರ ಬಂದರೆ ಮೂಕವಾಗುತ್ತದೆ. ಮೂರು ಸಲ ಅಲೆದೆ. ತಪ್ಪು ಫೋನಿನದೋ, ಹೆಡ್‌ಸೆಟ್ಟಿನದೋ, ನನ್ನ ಹಣೆಬರಹದ್ದೋ ತಿಳಿಯದೆ ಅಳು ಬಂತು. ಅವರು ಮತ್ತೆ ಭುಜ ಎತ್ತಿದರು. ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಹಾಗಾಯಿತು.

ಭಾನುವಾರ ನನ್ನ ತಂಗಿ ಬಂದಳು. ಆಂಬುಲೆನ್ಸ್‌ಗೆ ಬರುವ ಕರೆಗಳನ್ನು ತೆಗೆದುಕೊಳ್ಳುವ ಕಚೇರಿಯಲ್ಲಿ ಅವಳ ಕೆಲಸ. ದಿನಕ್ಕೆ ಎಂಟು ಗಂಟೆ ತಲೆಯ ಮೇಲೆ ಹೆಡ್‌ಸೆಟ್. ನನ್ನ ಗೋಳೆಲ್ಲ ಕೇಳಿ, "ಭಾವ, ನನ್ನೆದುರು ಒಂದ್ಸಲ ಹಾಕ್ಕೊಳ್ಳಿ" ಎಂದಳು.

ಅವರು ಎಡಕಿವಿಗೆ ಸಿಕ್ಕಿಸಿಕೊಂಡರು.

"ಬಲಗಡೆ ಯಾಕೆ ಹಾಕಲ್ಲ?"

"ಅಲ್ಲಿ ಪೆನ್ಸಿಲ್ ಇದೆಯಲ್ಲಮ್ಮ."

ಅದು ನಿಜ. ಬಡಗಿ ಕೆಲಸಕ್ಕೆ ಕೂತ ದಿನದಿಂದ ಅವರ ಬಲಕಿವಿಯ ಮೇಲೆ ಪೆನ್ಸಿಲ್ ಇದೆ. ಊಟಕ್ಕೆ ಕೂತರೂ ತೆಗೆಯುವುದಿಲ್ಲ. ಆ ಜಾಗ ಬೇರೆ ಯಾವುದಕ್ಕೂ ಸಿಗುವುದಿಲ್ಲ ಎಂದು ಅವರೂ ನಾನೂ ಒಪ್ಪಿಕೊಂಡು ಬಿಟ್ಟಿದ್ದೆವು.

ತಂಗಿ ಪೆನ್ಸಿಲ್ ಕಿತ್ತು ಮೇಜಿನ ಮೇಲಿಟ್ಟಳು. ಹೆಡ್‌ಸೆಟ್ಟನ್ನು ಬಲಕಿವಿಗೆ ಹಾಕಿ, ಪಕ್ಕದ ಕೋಣೆಗೆ ಹೋಗಿ ಫೋನ್ ಮಾಡಿದಳು. ಅವರು ಬೆಚ್ಚಿಬಿದ್ದು, "ಮೆಲ್ಲಗೆ ಮಾತಾಡಮ್ಮ, ಯಾಕೆ ಕೂಗ್ತೀಯ?" ಎಂದರು.

ಅವಳು ಪಿಸುಮಾತಿನಲ್ಲಿ ಮಾತಾಡಿದ್ದಳು.

ತಂಗಿ ವಾಪಸ್ ಬಂದು ಹತ್ತಿರ ಕೂತು, "ಭಾವ, ಹೆಡ್‌ಸೆಟ್ ಸರಿಯಾಗೇ ಇದೆ. ನಿಮ್ಮ ಎಡಕಿವಿ ಮಂದವಾಗಿದೆ. ಅದಕ್ಕೇ ಫೋನ್ ಯಾವಾಗ್ಲೂ ಬಲ ಭುಜಕ್ಕೇ ಸಿಕ್ಕಿಸ್ತೀರಿ" ಎಂದಳು.

"ಕಿವಿ ಹೋದ್ರೆ ನಂಗೆ ಗೊತ್ತಾಗಲ್ವಾ?"

"ಒಂದೇ ದಿನ ಹೋಗಿದ್ರೆ ಗೊತ್ತಾಗ್ತಿತ್ತು. ಸ್ವಲ್ಪ ಸ್ವಲ್ಪವೇ ಹೋಗಿದೆ."

ಮೂವರೂ ಕಿವಿ ಡಾಕ್ಟರ ಹತ್ತಿರ ಹೋದೆವು. ಅವರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಇಷ್ಟು ವರ್ಷ ಎಡಕಿವಿಯನ್ನೇ ಗರಗಸದ ಕಡೆ ಇಟ್ಟು ಬರಿಗಿವಿಯಲ್ಲಿ ನಿಂತದ್ದರ ಫಲ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ಗರಗಸ ಓಡುವಾಗ ಕಿವಿಗೆ ರಕ್ಷಣೆಯ ಮುಚ್ಚಳ ಹಾಕಿ ಎಂದರು.

"ಮುಚ್ಚಳ ಹಾಕಿದ್ರೆ ಮೊಳೆ ಸದ್ದು ಕೇಳುತ್ತಾ?" ಇವರಿಗೆ ಮತ್ತೆ ಅನುಮಾನ.

"ಮುಚ್ಚಳ ಸದ್ದನ್ನ ತಗ್ಗಿಸುತ್ತೆ, ಪೂರ್ತಿ ಅಳಿಸಲ್ಲ. ಮೊದಲು ಹಾಕಿ ನೋಡಿ ಅಭ್ಯಾಸ ಮಾಡ್ಕೊಳ್ಳಿ" ಎಂದಳು ತಂಗಿ. "ಮಾತು ತುಂಬಿದ ಕಿವಿಗೆ ಮಾತ್ರ ಮೊಳೆ ಕೇಳಲ್ಲ ಭಾವ. ಗರಗಸ ಓಡುವಾಗ ಫೋನ್ ಬೇಡವೇ ಬೇಡ. ಹೆಡ್‌ಸೆಟ್ ಇರೋದು ಅಂಟು ಹಚ್ಚುವಾಗ, ಕೀಸುವಾಗ."

ಮತ್ತೆ ಅಂಗಡಿಗೆ ಹೋದೆವು, ಈ ಸಲ ಮೂವರೂ. ಹೆಡ್‌ಸೆಟ್ ಹಾಕಿಕೊಳ್ಳುವವರೇ ಬಂದದ್ದು ಇದೇ ಮೊದಲು. ಕುತ್ತಿಗೆಪಟ್ಟಿಯನ್ನು ತಂಗಿ ಮುಟ್ಟಲೇ ಇಲ್ಲ, ಮೇಜಿನ ಮೇಲೆ ಬಗ್ಗಿದಾಗ ನೇತಾಡುವ ಯಾವುದೂ ಬಡಗಿಗೆ ಬೇಡ ಎಂದಳು. ಒಂದೇ ಕಿವಿಯದ್ದೂ ಬೇಡ, ಕೇಳುವ ಒಂದು ಕಿವಿಗೆ ಬಿರಡೆ ಹಾಕಿದರೆ ಹಿಂದಿನಿಂದ ಕರೆದವರ ದನಿ ಎಲ್ಲಿಂದ ಕೇಳಬೇಕು? ಕೊನೆಗೆ, ಕಿವಿಯ ತೂತು ಮುಚ್ಚದೆ ಕಿವಿಯ ಮುಂದಿನ ಮೂಳೆಯ ಮೇಲೆ ಕೂತು ಅಲ್ಲಿಂದಲೇ ಮಾತು ಕೇಳಿಸುವಂಥದ್ದು ಆರಿಸಿದಳು. ಬಗ್ಗಿ ಎದ್ದರೂ ಜಾರಲಿಲ್ಲ. ಕರೆ ತೆಗೆಯುವ ಗುಂಡಿ ಅವರ ದಪ್ಪ ಬೆರಳಿಗೆ ನೋಡದೆಯೇ ಸಿಕ್ಕಿತು. ಆಮೇಲೆ ಅವರನ್ನು ರಸ್ತೆಯ ಗದ್ದಲದಲ್ಲಿ ನಿಲ್ಲಿಸಿ ಫೋನ್ ಮಾಡಿಸಿದಳು. ನಮಗೆ ಕೇಳಿದರೆ ಸಾಲದು, ಆ ಕಡೆಯವರಿಗೂ ನಮ್ಮ ಮಾತು ಕೇಳಬೇಕಲ್ಲ. ಬ್ಲೂಟೂತ್ ಐದೋ ಐದು ಪಾಯಿಂಟ್ ಮೂರೋ, ಅವಳು ಕೇಳಲೇ ಇಲ್ಲ.

ಈಗ ಗರಗಸದ ಸ್ವಿಚ್ಚಿನ ಪಕ್ಕ ಒಂದು ಮೊಳೆ ಇದೆ. ಗರಗಸ ಓಡಿಸುವ ಮುಂಚೆ ಹೆಡ್‌ಸೆಟ್ ಮೊಳೆಗೆ, ಮುಚ್ಚಳ ಕಿವಿಗೆ. ಪೆನ್ಸಿಲ್ ಅಂಗಿಯ ಜೇಬಿಗೆ ಹೋಯಿತು. ಒಂದು ವಾರ ಅವರು ಕಿವಿ ತಡವಿಕೊಂಡೇ ಕಳೆದರು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಊಟಕ್ಕೆ ನಾನು ಕೂರುತ್ತಿದ್ದುದು ಅವರ ಎಡಗಡೆ. ಹೇಳಿದ್ದಕ್ಕೆ ಹ್ಞೂಂ ಇಲ್ಲ, ಉಹೂಂ ಇಲ್ಲ. ನನ್ನ ಮಾತಿಗೆ ಬೆಲೆಯೇ ಇಲ್ಲ ಎಂದು ಎಷ್ಟು ಸಲ ಮುಖ ತಿರುಗಿಸಿದ್ದೇನೋ. ಈಗ ಬಲಗಡೆ ಕೂರುತ್ತೇನೆ. ಮೊನ್ನೆ ಅವರೇ, "ನೀನು ಇಷ್ಟೊಂದು ಮಾತಾಡ್ತೀಯ ಅಂತ ಗೊತ್ತೇ ಇರ್ಲಿಲ್ಲ" ಎಂದರು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಅಕ್ಕಂದಿರೇ, ಅಣ್ಣಂದಿರೇ, ಹೆಡ್‌ಸೆಟ್ ಕೊಳ್ಳುವಾಗ ಹಾಕಿಕೊಳ್ಳುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಎರಡೂ ಕಿವಿಗೆ ಹಾಕಿಸಿ ನೋಡಿ. ಅವರ ಕೆಲಸ ಏನು, ಆ ಕೆಲಸದಲ್ಲಿ ಯಾವ ಸದ್ದು ಕೇಳಲೇಬೇಕು ಎಂದು ಮೊದಲು ಯೋಚಿಸಿ. ಯಂತ್ರ ಓಡುವಾಗ ಕರೆ ಬಂದರೆ ಹೊಡೆದುಕೊಳ್ಳಲಿ ಬಿಡಿ, ಆಮೇಲೆ ಮಾತಾಡಿದರಾಯಿತು. ಇಂದು ಮನೆಗೆ ಹೋದಮೇಲೆ ನಿಮ್ಮವರ ಒಂದೊಂದು ಕಿವಿಯ ಹತ್ತಿರವೂ ಪಿಸುಮಾತಿನಲ್ಲಿ ಏನಾದರೂ ಹೇಳಿ ನೋಡಿ. ಒಂದು ಕಿವಿಗೆ ಕೇಳದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ನಾನು ವರ್ಷಗಟ್ಟಲೆ ಕೇಳದ ಕಿವಿಯ ಜೊತೆ ಜಗಳವಾಡಿದೆ, ನೀವು ಹಾಗೆ ಮಾಡಬೇಡಿ.