ಹನ್ನೊಂದು ರೆಡಿಮೇಡ್ ಕಪಾಟುಗಳು

ಬೆಳಗಾವಿಯ ಟೆಂಪೋ ಬೈಲಹೊಂಗಲದ ಹೊಸ ಮನೆಯ ಮುಂದೆ ಬಂದು ನಿಂತಾಗ ಶೈಲಜಾಳ ಭಾವ ಸುಭಾಸ ಅಲ್ಲೇ ಇದ್ದ. ಇರಬಾರದಿತ್ತು. ರಾಮದುರ್ಗದ ತನ್ನ ಸಿಮೆಂಟು-ಕಬ್ಬಿಣದ ಅಂಗಡಿ ಬಿಟ್ಟು ವಾರದ ನಡುವೆ ಎಂದೂ ಕದಲದ ಮನುಷ್ಯ ಅಂದೇ ಬಂದು ಒಕ್ಕರಿಸಿದ್ದ. ಟೆಂಪೋದಿಂದ ಒಂದೊಂದಾಗಿ ಇಳಿದದ್ದು ಹನ್ನೊಂದು ಬಿಳಿ ಡಬ್ಬಿ. ಅಡಿಗೆಮನೆಯ ಕಪಾಟುಗಳು, ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವಂಥವು. ಎಲ್ಲಕ್ಕೂ ಒಂದೇ ಎತ್ತರ, ಒಂದೇ ಬಣ್ಣ, ಅವೇ ಪ್ಲಾಸ್ಟಿಕ್ ಹಿಡಿಕೆಗಳು.

"ಏನವಾ ಶೈಲಾ, ಅಡಿಗಿಮನಿ ಮಾಡಾಕತ್ತಿಯೋ, ದವಾಖಾನಿ ತಗ್ಯಾಕತ್ತಿಯೋ?" ಎಂದ ಸುಭಾಸ, ಡಬ್ಬಿಯೊಂದನ್ನು ಬೆರಳಿನಿಂದ ಬಡಿದು ನೋಡುತ್ತ.

ಟೆಂಪೋದವನೂ ನಕ್ಕುಬಿಟ್ಟ. ಶೈಲಜಾಳಿಗೆ ಕಿವಿ ಬಿಸಿಯಾಯಿತು. ಆಕೆಯ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ಆದರೆ ಭಾವನ ಮುಂದೆ ನುಂಗಿಕೊಂಡಳು. ಮನೆ ಕಟ್ಟಲು ಅಣ್ಣ-ತಮ್ಮ ಇಬ್ಬರೂ ಕೈ ಹಚ್ಚಿದ್ದರು. ತಮ್ಮ, ಎಂದರೆ ಶೈಲಜಾಳ ಗಂಡ ಸಂಜು, ಕಾಲೇಜಿನಲ್ಲಿ ಅರವತ್ತು ಹುಡುಗರೆದುರು ಗಂಟೆಗಟ್ಟಲೆ ಮಾತಾಡುತ್ತಾನೆ, ಅಣ್ಣನೆದುರು ಮಾತ್ರ ಬಾಯಿಗೆ ಬೀಗ. ಸುಭಾಸ ಬೆಳಗಾವಿಯ ಕಂತ್ರಾಟದಾರನೊಬ್ಬನನ್ನು ಗೊತ್ತು ಮಾಡಿ, ಗೋಡೆಯ ಅಳತೆಗೇ ಮಾಡಿಸುವ ಭಾರಿ ಅಡಿಗೆಮನೆಯನ್ನು ಹೆಚ್ಚುಕಡಿಮೆ ಮಾತಾಡಿ ಮುಗಿಸಿದ್ದ. ಶೈಲಜಾ ಅಡ್ಡ ಬಂದಿದ್ದಳು.

"ಅಷ್ಟು ರೊಕ್ಕ ಕಪಾಟಿಗೆ ಯಾಕ ಸುರೀಬೇಕ್ರಿ ಭಾವಾರ? ಆ ರೊಕ್ಕದಾಗ ಮ್ಯಾಲೊಂದು ಖೋಲಿ ಏರತೈತಿ. ನಾ ರೆಡಿಮೇಡ್ ತಂದು ಅದರಂಗನ ಮಾಡಸ್ತೇನಿ. ನೋಡಿದಾವ್ರು ಹೇಳಿ ಮಾಡಿಸಿದ್ದು ಅನಬೇಕು, ಹಂಗ."

ಹೇಳುವುದೇನೋ ಹೇಳಿಬಿಟ್ಟಿದ್ದಳು. ಈಗ ಹನ್ನೊಂದು ಬಿಳಿ ಡಬ್ಬಿ ಎದುರಿಗೆ ನಿಂತಿದ್ದವು, ಮತ್ತು ಅವು ನಿಜಕ್ಕೂ ದವಾಖಾನೆಯಂತೆಯೇ ಕಾಣುತ್ತಿದ್ದವು.

ಚಚಡಿಯ ಬಡಿಗ ಲಕ್ಷ್ಮಣ ಮರುದಿನ ಬಂದ. ಊರಿನ ಹಳೆಯ ದೊಡ್ಡಮನೆಯ, ವಾಡೆಯ, ಭಾರಿ ಬಾಗಿಲುಗಳನ್ನು ರಿಪೇರಿ ಮಾಡಿದ ಕೈ ಅವನದು, ಇಂಥ ಹಗುರ ಡಬ್ಬಿಗಳನ್ನು ಕಂಡರೆ ಮೂಗು ಮುರಿಯುತ್ತಾನೆಂದು ಶೈಲಜಾ ಅಂಜಿದ್ದಳು. ಅವನು ಮುರಿಯಲಿಲ್ಲ. ಡಬ್ಬಿಗಳನ್ನು ಗೋಡೆಗೆ ಹೊಂದಿಸಿ ನಿಲ್ಲಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ಗೋಡೆ ಹೊಸದೇ, ಆದರೆ ಒಂದು ತುದಿಗೂ ಇನ್ನೊಂದು ತುದಿಗೂ ಒಂದೂವರೆ ಇಂಚು ಡೊಂಕು. ಮಗ್ಗುಲಲ್ಲಿ ಕೈ ತೂರುವಷ್ಟು ಸಂದಿ. ಮೇಲಿನ ಕಪಾಟಿಗೂ ಛತ್ತಿಗೂ ನಡುವೆ ಬೆಕ್ಕು ಮಲಗುವಷ್ಟು ಜಾಗ. ಕೆಳಗೆ ನೋಡಿದರೆ ಆರಿಂಚಿನ ಕಪ್ಪು ಪ್ಲಾಸ್ಟಿಕ್ ಕಾಲುಗಳು.

"ಅಕ್ಕಾರ, ಇವು ಡಬ್ಬಿ ಅಂತ ಗೊತ್ತಾಗೂದು ಎಲ್ಲಿಂದ್ರಿ? ಸಂದಿಯಿಂದ. ಮಗ್ಗಲಾ, ಮ್ಯಾಲೆ, ಕೆಳಗ, ಈ ಮೂರೂ ಸಂದಿ ಮುಚ್ಚಿದ್ವಿ ಅಂದ್ರ ಯಾರಪ್ಪಗೂ ಗೊತ್ತಾಗೂದಿಲ್ಲ" ಎಂದ ಲಕ್ಷ್ಮಣ.

ಅಷ್ಟು ಸಾಕಾಯಿತು ಶೈಲಜಾಳಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಲಕ್ಷ್ಮಣ ಮಗ್ಗುಲಿನ ಪಟ್ಟಿಯನ್ನು ಗೋಡೆಗೆ ಹಚ್ಚಿ, ಗೋಡೆಯ ಡೊಂಕಿನಗುಂಟ ಪೆನ್ಸಿಲ್ ಎಳೆದು, ಗೆರೆ ಹಿಡಿದು ಕೊಯ್ದ. ಪಟ್ಟಿ ಗೋಡೆಗೆ ಹೋಗಿ ಹೇಗೆ ಕೂತಿತೆಂದರೆ, ನಡುವೆ ಕಾಗದ ಕೂಡ ತೂರುತ್ತಿರಲಿಲ್ಲ. ಮೇಲಿನ ಜಾಗಕ್ಕೆ ಪ್ಲೈವುಡ್ ಹೊಂದಿಸಿ, ಛತ್ತಿಗೆ ಹತ್ತಿಕೊಂಡಂತೆ ಅಂಚು ಮುಚ್ಚುವ ಗೋಲುಪಟ್ಟಿ ಬಡಿದ. ಪ್ಲಾಸ್ಟಿಕ್ ಕಾಲುಗಳ ಮುಂದೆ ಉದ್ದಕ್ಕೂ ಒಂದೇ ಹಲಗೆ. ಐದು ದಿನದಲ್ಲಿ ಡಬ್ಬಿಗಳು ಗೋಡೆಯ ಜೊತೆಗೇ ಹುಟ್ಟಿದಂತಾದವು.

ಬಣ್ಣ ಮಾತ್ರ ಶೈಲಜಾ ತಾನೇ ಹಚ್ಚುತ್ತೇನೆಂದು ಹಟ ಹಿಡಿದಳು. ಲಕ್ಷ್ಮಣ ಎರಡು ದಿನ ಊರಿಗೆ ಹೋದದ್ದೇ ತಡ, ನುಣುಪಾದ ಬಿಳಿ ಬಾಗಿಲುಗಳ ಮೇಲೆ ನೇರವಾಗಿ ಗಾಢ ಹಸಿರು ಬಳಿದೇಬಿಟ್ಟಳು. ಆಹಾ, ಏನು ಚೆಂದ! ಪಕ್ಕದ ಮನೆಯ ಇಂದ್ರವ್ವ ಬಂದು ನೋಡಿ "ಅಯ್ಯ ನಮ್ಮವ್ವಾ!" ಎಂದು ಗಲ್ಲದ ಮೇಲೆ ಬೆರಳಿಟ್ಟುಕೊಂಡಳು. ಶೈಲಜಾ ನೆಲದ ಮೇಲೆ ಕಾಲೂರದೆ ಓಡಾಡಿದಳು.

ಮೂರನೆಯ ದಿನ ಸುಭಾಸ ಬಂದ. ಬಾಗಿಲ ಅಂಚಿಗೆ ಹೆಬ್ಬೆರಳಿನ ಉಗುರು ಹಚ್ಚಿ ಮೆಲ್ಲಗೆ ಕೆರೆದ. ಹಸಿರು ಬಣ್ಣ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಉದ್ದಕ್ಕೆ ಸುಲಿದು ಬಂತು. ಅದನ್ನು ಬೆರಳಿಗೆ ಸುತ್ತಿಕೊಂಡೇ ಮಾತಾಡಿದ.

"ನೋಡವಾ, ನಾ ಜಗಳಾ ಮಾಡೂದಿಲ್ಲ. ಬರೂ ಐತವಾರ ಮನಿ ನೋಡಾಕ ಬೀಗರು-ಬಿಜ್ಜರು ಊಟಕ್ಕ ಬರತಾರ. ಅವತ್ತ ಅವ್ವ ಈ ಅಡಿಗಿಮನಿಗೆ ಹ್ಞೂಂ ಅಂದ್ಲಂದ್ರ ಇರಲಿ. ಅನಲಿಲ್ಲಾ, ಸೋಮಾರ ಬೆಳಗಾವಿ ಕಂತ್ರಾಟದಾರ ಬಂದು ಎಲ್ಲಾ ಕಿತ್ತು ಒಗೀತಾನ. ಆಮ್ಯಾಲೆ ಈ ಮನ್ಯಾಗ ಒಂದು ಮೊಳಿ ಹೊಡ್ಯಾಕೂ ನನ್ನ ಕೇಳಬೇಕು."

"ಆಗಲ್ರಿ" ಎಂದಳು ಶೈಲಜಾ. ಸಂಜು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. ಆಕೆ ಆ ಕಡೆ ನೋಡಲೇ ಇಲ್ಲ.

ಅವ್ವ ಎಂದರೆ ಚನ್ನವ್ವ, ಶೈಲಜಾಳ ಅತ್ತೆ. ಇಷ್ಟು ಗಿಡ್ಡ ಹೆಂಗಸು, ಇಷ್ಟು ಕಡಿಮೆ ಮಾತು. ಆದರೆ ಆಕೆ ಜೋಳದ ರೊಟ್ಟಿ ಬಡಿಯಲು ಕೂತರೆ ಗಲ್ಲಿಯ ತುದಿಯವರೆಗೆ ಸಪ್ಪಳ ಕೇಳಬೇಕು. ಹಪ್ಪಳದಷ್ಟು ತೆಳು, ಅಂಚು ಸೀಳದ ರೊಟ್ಟಿ. ಹೊಸ ಮನೆಗೆ ಬಂದ ಮೇಲೂ ಅಡಿಗೆಮನೆ ಮುಗಿಯುವವರೆಗೆ ಅಂತ ಹಿತ್ತಲಿನ ತಗಡಿನ ನೆರಳಲ್ಲೇ ಒಲೆ ಹೂಡಿಕೊಂಡಿದ್ದಳು. ಸೊಸೆಯ ಕೆಲಸವನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಒಂದು ಮಾತು ಆಡಿದವಳಲ್ಲ.

ಶೈಲಜಾ ಇಪ್ಪತ್ತೆರಡು ಬಾಗಿಲುಗಳನ್ನೂ ಬಿಚ್ಚಿ ಅಂಗಳದಲ್ಲಿ ಹರವಿದಳು. ಪಾಲಿಶ್ ಪೇಪರ್ ಹಿಡಿದು ಹಸಿರನ್ನೂ ಅದರಡಿಯ ನುಣುಪನ್ನೂ ಉಜ್ಜಿ ಉಜ್ಜಿ ತೆಗೆದಳು. ಬೆರಳಿನ ತುದಿಗಳು ಕಿತ್ತುಹೋಗಿ ಸಾರಿನ ಖಾರ ತಾಗಿದರೆ ಜೀವ ಹೋದಂತಾಗುತ್ತಿತ್ತು. ಮೇಲೆ ಬಣ್ಣ ಕಚ್ಚಿಕೊಳ್ಳುವಂತೆ ಪ್ರೈಮರ್, ಒಣಗಿದ ಮೇಲೆ ಮತ್ತೆ ಉಜ್ಜು, ಆಮೇಲೆ ಬಣ್ಣ ಎರಡು ಸಲ. ಒಣಗಲು ಬಿಟ್ಟು ಬಸ್ಸು ಹತ್ತಿ ರಾಮದುರ್ಗಕ್ಕೆ ಹೋಗಿ, ಭಾವನ ಊರಿನಲ್ಲೇ ಒಂದು ಗುಜರಿ ಅಂಗಡಿಯಲ್ಲಿ ಹಳೆಯ ಹಿತ್ತಾಳೆಯ ಹಿಡಿಕೆಗಳನ್ನು ಆರಿಸಿ ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಂಗಾರದಂಥ ಹೊಳಪು. ಲಕ್ಷ್ಮಣ ಕೊನೆಯ ಬಾಗಿಲು ಕೂಡಿಸಿದ ಮೇಲೆ ತಾನೇ ಉಗುರು ಹಚ್ಚಿ ಜೋರಾಗಿ ಕೆರೆದು ನೋಡಿದಳು. ಉಗುರು ಮುರಿಯಿತು, ಬಣ್ಣ ಅಲುಗಲಿಲ್ಲ. ಮುರಿದ ಉಗುರನ್ನು ಕಂಡು ಆಕೆಗಾದ ಸಂತೋಷ ಯಾವ ಹೆಂಗಸಿಗೂ ಆಗಿರಲಿಕ್ಕಿಲ್ಲ.

ಶನಿವಾರ ಬೆಳಗ್ಗೆ ಅತ್ತೆಯನ್ನು ಕೈ ಹಿಡಿದು ಒಳಗೆ ಕರೆತಂದಳು. "ಬರ್ರಿ ಅತ್ತಿ, ಮೊದಲನೇ ರೊಟ್ಟಿ ನೀವ ಬಡೀಬೇಕು."

ಚನ್ನವ್ವ ಕಪಾಟುಗಳ ಮೇಲಿನ ಕರಿ ಕಲ್ಲಿನ ಮೇಲೆ ಕಟ್ಟಿಗೆಯ ಪರಾತ ಇಟ್ಟು, ಹಿಟ್ಟು ನಾದಿ, ಉಂಡೆ ಮಾಡಿ ಬಡಿಯತೊಡಗಿದಳು. ಕಲ್ಲು ಆಕೆಯ ಎದೆಯ ಹತ್ತಿರಕ್ಕೆ ಬರುತ್ತಿತ್ತು. ಒಂದೊಂದು ಏಟಿಗೂ ಹೆಗಲು ಕಿವಿಯವರೆಗೆ ಏರಬೇಕು. ತುದಿಗಾಲಲ್ಲಿ ನಿಂತಳು. ಗಲ್ಲಿಯ ತುದಿಗೆ ಕೇಳುವ ಸಪ್ಪಳ ಬಾಗಿಲವರೆಗೂ ಹೋಗಲಿಲ್ಲ. ರೊಟ್ಟಿ ಅಂಚಿನಲ್ಲಿ ಸೀಳಿತು. ಇನ್ನೊಂದು ಬಡಿದಳು, ಅದೂ ಸೀಳಿತು. ಶೈಲಜಾ ತನ್ನ ಅತ್ತೆಯ ಕೈಯಲ್ಲಿ ರೊಟ್ಟಿ ಸೀಳಿದ್ದನ್ನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ.

ಚನ್ನವ್ವ ಪರಾತ ಎತ್ತಿಕೊಂಡು ಹಿತ್ತಲಿಗೆ ಹೊರಟಳು. ಬಾಗಿಲಲ್ಲಿ ನಿಂತು, ಸೊಸೆಯ ಮನಸ್ಸು ನೋಯಬಾರದೆಂದು, "ಚಂದ ಐತೆವಾ. ನೋಡಾಕ ಭಾಳ ಚಂದ ಐತಿ" ಎಂದಳು.

ನೋಡಲಿಕ್ಕೆ! ಶೈಲಜಾಳಿಗೆ ಬೈಸಿಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ತನ್ನ ತಲೆಗೆ ತಾನೇ ಎರಡು ಬಡಿದುಕೊಳ್ಳಬೇಕೆನಿಸಿತು. ಗೋಡೆಯ ಡೊಂಕಿಗೆ ಪಟ್ಟಿ ಹೊಂದಿಸಿದಳು, ಛತ್ತಿಗೆ ಹಲಗೆ ಹೊಂದಿಸಿದಳು, ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ಹೆಂಗಸಿಗೆ ಹೊಂದಿಸಲಿಲ್ಲ. ಡಬ್ಬಿ ಮಾಡಿದ ಕಾರಖಾನೆಯವರಿಗೆ ರೊಟ್ಟಿ ಬಡಿಯುವುದು ಗೊತ್ತಿಲ್ಲ, ಬಿಡಿ. ತನಗೇನಾಗಿತ್ತು? ತಾನು ಎತ್ತರದ ಹೆಂಗಸು, ತಾನು ನಿಂತು ನೋಡಿ ಸರಿಯಿದೆ ಎಂದುಕೊಂಡಿದ್ದಳು. ನಾಳೆ ಇಷ್ಟು ಹೊತ್ತಿಗೆ ಭಾವ ಇಲ್ಲಿ ನಿಂತಿರುತ್ತಾನೆ, ಅತ್ತೆ ಸುಳ್ಳು ಹೇಳುವವಳಲ್ಲ.

ಅಳತೆಪಟ್ಟಿ ಹಿಡಿದು ಹಿತ್ತಲಿಗೆ ಓಡಿದಳು.

"ಅತ್ತಿ, ಸ್ವಲ್ಪ ಎದ್ದು ನೆಟ್ಟಗ ನಿಂದರ್ರಿ."

"ಯಾಕವಾ, ಫೋಟೋ ತಗೀತಿಯೇನು?"

"ನಿಂದರ್ರಿ ಅಂದ್ರ. ಮೊಳಕೈ ಮಡಚರಿ. ಈಗ ರೊಟ್ಟಿ ಬಡದಂಗ ಕೈ ಮಾಡರಿ."

ಚನ್ನವ್ವ ನಾಚಿಕೊಂಡು, ಸುತ್ತ ಯಾರಾದರೂ ನೋಡುತ್ತಿದ್ದಾರೇನೋ ಎಂದು ಕಣ್ಣಾಡಿಸಿ, ಗಾಳಿಯಲ್ಲಿ ರೊಟ್ಟಿ ಬಡಿದಳು. ಶೈಲಜಾ ನೆಲದಿಂದ ಅಂಗೈವರೆಗೆ ಪಟ್ಟಿ ಎಳೆದಳು. ಇಪ್ಪತ್ತೆಂಟು ಇಂಚು. ಒಳಗಿನ ಕಲ್ಲು ಮೂವತ್ತನಾಲ್ಕು. ಆರೇ ಆರು ಇಂಚಿನ ಮಾತು.

ಲಕ್ಷ್ಮಣ ಫೋನಿನಲ್ಲಿ ಕೇಳಿ ದಂಗಾದ. "ಅಕ್ಕಾರ, ನಾಳೆ ಮಂದಿ ಉಣ್ಣಾಕ ಬರತಾರ. ಕೂಡಿಸಿದ್ದನ್ನ ಇವತ್ತ ಬಿಚ್ಚೂದಾ?"

"ಕಿಟಕಿ ಮಗ್ಗಲದ ಎರಡು ಡಬ್ಬಿ ಅಷ್ಟ ಅಣ್ಣಾ. ಅವುಕ್ಕ ಕಲ್ಲೂ ಬ್ಯಾರೆ ಐತಿ. ಕಾಲು ಆರಿಂಚಿನವು ಅಲ್ಲೇನು? ಕಾಲ ಬಿಚ್ಚಿ ನೆಲಕ್ಕ ಇಳಿಸಿದ್ರ ಆತು."

ಲಕ್ಷ್ಮಣ, "ಬಂದ್ನಿ" ಎಂದ.

ಮಧ್ಯಾಹ್ನದ ಬಿಸಿಲಿಗೆ ಕೆಲಸ ಶುರುವಾಯಿತು. ಕಲ್ಲು ಎತ್ತುವಾಗ ಲಕ್ಷ್ಮಣ ಒಂದು ಕಡೆ, ಸಂಜು ಒಂದು ಕಡೆ. ಕಲ್ಲು ಸೀಳಿದರೆ ಮುಗಿಯಿತು, ಇನ್ನೊಂದು ತರಲು ಹೊತ್ತಿಲ್ಲ. ಸಂಜುವಿನ ಕುತ್ತಿಗೆಯ ನರ ಉಬ್ಬಿತ್ತು, ಆದರೆ ಆ ಗೃಹಸ್ಥ ಕೈ ಸಡಿಲಿಸಲಿಲ್ಲ. ಮುಂದಿನ ಉದ್ದ ಹಲಗೆಯನ್ನು ಅಲ್ಲಿಗೆ ಕೊಯ್ದು, ಡಬ್ಬಿಗಳ ಕಾಲು ಬಿಚ್ಚಿ, ನೀರು ತಾಗದ ಹಾಗೆ ಕೆಳಗೆ ತೆಳು ಕಲ್ಲಿನ ಪಟ್ಟಿ ಇಟ್ಟು ಕೂಡಿಸಿದರು. ಎತ್ತರದ ಕಪಾಟಿನ ಮಗ್ಗುಲು ಈಗ ಬಯಲಾಗಿ ಕಾಣುತ್ತಿತ್ತು, ಅದಕ್ಕೆ ಹಸಿರು ಹಲಗೆಯೊಂದನ್ನು ಹೊಂದಿಸಿದ ಲಕ್ಷ್ಮಣ, ಮೂಲೆಗೆ ಗೋಲುಪಟ್ಟಿ ಕೊಟ್ಟ. ಸಂಜೆಯ ಹೊತ್ತಿಗೆ ಸಾಲು ಕಿಟಕಿಯ ಹತ್ತಿರ ಬಂದು ಒಂದು ಮೆಟ್ಟಿಲು ಇಳಿದಂತಾಗಿತ್ತು. ಒಂದು ಕಡೆ ಪರಾತಕ್ಕೆ ಜಾಗ, ಮಗ್ಗುಲಲ್ಲೇ ಹಂಚಿಗೆ ಒಂದು ಒಲೆ.

ಐತವಾರ ಸುಭಾಸ ಬಂದ, ಕಂತ್ರಾಟದಾರನನ್ನೂ ಊಟಕ್ಕೆ ಕರೆದುಕೊಂಡೇ ಬಂದ. ಧೈರ್ಯ ನೋಡಿ! ಆ ಮನುಷ್ಯ ಕಿಸೆಯಲ್ಲಿ ಅಳತೆಪಟ್ಟಿ ಇಟ್ಟುಕೊಂಡೇ ಒಳಗೆ ಕಾಲಿಟ್ಟ. ಛತ್ತಿನವರೆಗಿನ ಕಪಾಟು ನೋಡಿದ, ಮಗ್ಗುಲ ಪಟ್ಟಿಯ ಮೇಲೆ ಕೈಯಾಡಿಸಿದ, ಹಿತ್ತಾಳೆಯ ಹಿಡಿಕೆ ಹಿಡಿದು ಬಾಗಿಲು ತೆಗೆದ, ಹಾಕಿದ. ಕೊನೆಗೆ ಕಿಟಕಿಯ ಹತ್ತಿರ ತಗ್ಗಿನ ಕಲ್ಲಿನ ಮುಂದೆ ಹೋಗಿ ನಿಂತ.

"ಇದನ್ನ ಯಾರ ಕಡೆ ಹೇಳಿ ಮಾಡಿಸಿದ್ರಿ? ನಮ್ಮ ಕಡೆ ಹಿಂಗ ಒಂದೂ ಆಗಿಲ್ರಿ" ಎಂದು ಕೇಳಿದ.

ಲಕ್ಷ್ಮಣ ಊಟದ ಪಂಕ್ತಿಯಿಂದಲೇ ಕತ್ತು ಚಾಚಿ ಮೀಸೆ ತಿರುವಿದ. ಸುಭಾಸ ಮಾತ್ರ ಸೋಲುವ ಪೈಕಿಯವನಲ್ಲ.

"ಅವರ ಮಾತು ಇರಲಿ. ನಾ ಅವ್ವನ ಮಾತು ಅಂದಿದ್ದೆ" ಎಂದ.

ಚನ್ನವ್ವ ತಗ್ಗಿನ ಕಲ್ಲಿನ ಮುಂದೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಹೆಗಲು ಇಳಿದಿತ್ತು, ಕಾಲು ನೆಲಕ್ಕೆ ಊರಿತ್ತು. ಟಪ ಟಪ ಟಪ ಟಪ ಎಂದು ಮನೆತುಂಬ ಸಪ್ಪಳ, ಹೊರಗಿನ ಪಂಕ್ತಿಯಲ್ಲಿ ಕೂತವರು ಜೋರಾಗಿ ಮಾತಾಡಬೇಕಾಗಿತ್ತು. ಶೈಲಜಾ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಮಗ್ಗುಲಲ್ಲೇ ಇದ್ದಳು.

"ಅವ್ವಾ, ಏನಂತಿ? ಇರಲೋ, ಕಿತ್ತಸಲೋ?" ಎಂದ ಸುಭಾಸ.

ಚನ್ನವ್ವ ಕೈ ನಿಲ್ಲಿಸಿದಳು. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ಮಗನ ಕಡೆ ತಿರುಗಿದಳು.

"ಸುಭಾಸಾ, ನಾ ಹುಟ್ಟಿದಾಗಿಂದ ನನ್ನ ಅಳತಿ ತಗೊಂಡಾಂವ ಜಂಪರ ಹೊಲಿಯೂ ಸಿಂಪಿಗ ಒಬ್ಬನ. ನಿಮ್ಮಪ್ಪಾರು ಹಳೀ ಮನಿ ಕಟ್ಟಿದ್ರು, ಒಲಿ ಹಾಕಿದ್ರು, ಈ ಮನೀನೂ ನೀವು ಕಟ್ಟಿದ್ರಿ. ಚನ್ನವ್ವನ ಕೈ ಎಲ್ಲಿಗೆ ಬರತೈತಿ ಅಂತ ಯಾರೂ ಕೇಳಲಿಲ್ಲ. ನಿನ್ನೆ ಈಕಿ ಕೇಳಿದ್ಲು."

ಇಷ್ಟು ಉದ್ದ ಮಾತು ಆಕೆಯ ಬಾಯಿಂದ ಮಕ್ಕಳಿಬ್ಬರೂ ಕೇಳಿರಲಿಲ್ಲ. ಸುಭಾಸ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಹ್ಞೂಂ ಅನ್ನೂದು ಬ್ಯಾರೆ ಬೇಕೇನು?" ಎಂದಳು ಚನ್ನವ್ವ. "ಕಿತ್ತಾಕ ಬಂದಾವನ್ನ ಪಂಕ್ತಿಗೆ ಕುಂದರಸು. ಬಿಸಿ ರೊಟ್ಟಿ ಉಂಡು ಹೋಗಲಿ."

ಶೈಲಜಾಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಹೋಗಲಿಲ್ಲ. ಅಳಲಿ ಬಿಡಿ, ಅಷ್ಟು ಹಕ್ಕು ಆಕೆಗಿತ್ತು. ಹೆಮ್ಮೆಯಿಂದ ಕತ್ತು ನೆಟ್ಟಗೆ ಮಾಡಿಕೊಂಡು, ಹಂಚಿನಿಂದ ಉಬ್ಬಿದ ರೊಟ್ಟಿಯನ್ನು ಎತ್ತಿ, ಮೇಲೆ ಬೆಣ್ಣೆಯ ಮುದ್ದೆ ಇಟ್ಟು, ತಾಟನ್ನು ಭಾವನ ಕಡೆ ಚಾಚಿದಳು.

"ತಗೋರಿ ಭಾವಾರ, ಆರತೈತಿ."

ಸುಭಾಸ ತಾಟು ತೆಗೆದುಕೊಂಡ. ಪಂಕ್ತಿಗೆ ಹೋಗದೆ ಅಲ್ಲೇ ನಿಂತು, ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು, ಮೇಲೆ ಏರಿಸುವ ಖೋಲಿಗೆ ಎಷ್ಟು ಚೀಲ ಸಿಮೆಂಟು ಹಿಡಿಯುತ್ತದೆ, ಅಂಗಡಿಯಿಂದ ಯಾವಾಗ ಕಳಿಸಲಿ ಎಂದು ಶೈಲಜಾಳನ್ನೇ ಕೇಳಿದ.