ಮಾನಿಟರಿಗೊಂದು ಹಗ್ಗ

ತೊಂಬತ್ತೆಂಟರ ಬೇಸಿಗೆಯ ಒಂದು ಭಾನುವಾರ ಕೇರಿಯ ಆಶಾರಾಣಿಯ ಕಂಪ್ಯೂಟರ್ ಮಾನಿಟರು ಹೊಗೆ ಕಾರಿ, ತನ್ನ ವೈರನ್ನೂ ಸುಟ್ಟುಕೊಂಡು ಸತ್ತಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಸುದ್ದಿ ಕೇರಿ ದಾಟಿ ಊರೊಳಗಿನ ಹೋಟೆಲು ಮುಟ್ಟಿತು. ಅಲ್ಲಿ ಕೂತಿದ್ದ ಗೋಪಾಲಪ್ಪನವರಿಗೆ ಆದ ಸಂತೋಷಕ್ಕೆ ಅವರು ಇನ್ನೊಂದು ಲೋಟ ಕಾಫಿ ತರಿಸಿ ಕುಡಿದರು.

ಸಂತೋಷಕ್ಕೆ ಕಾರಣವಿತ್ತು. ರಾಜಘಟ್ಟದಾಚೆಯ ಆ ಊರಿನಲ್ಲಿ ಕೇರಿಯವರ ಸ್ಮಶಾನ ಅಂತ ಇದ್ದದ್ದು ಅರ್ಧ ಎಕರೆ. ಗೋಪಾಲಪ್ಪನವರ ದ್ರಾಕ್ಷಿತೋಟದ ಬೇಲಿ ವರ್ಷಕ್ಕೆರಡು ಮಾರು ನಡೆದೂ ನಡೆದೂ ಅದರ ಮುಕ್ಕಾಲು ಪಾಲು ನುಂಗಿತ್ತು. ಹನ್ನೊಂದು ವರ್ಷದಲ್ಲಿ ಕೇರಿಯವರು ಕೊಟ್ಟ ಅರ್ಜಿ ಐದು, ಐದೂ ಕೈಬರಹದವು. ಒಂದು ಕಳೆದುಹೋಯಿತು. ಒಂದರ ಅಕ್ಷರ ಕಚೇರಿಯವರಿಗೆ ತಿಳಿಯಲಿಲ್ಲ. ಒಂದರ ಮೇಲೆ ಯಾರೋ ಸಾಹೇಬರು ಟೀ ಚೆಲ್ಲಿದರು. ಉಳಿದೆರಡು ಏನಾದವು ಅಂತ ಕೇಳಿದವರಿಗೆ ಬೈಗುಳ ಸಿಕ್ಕಿತು.

ಆರನೆಯದನ್ನು ಆಶಾರಾಣಿ ಹಳೇ ಕಂಪ್ಯೂಟರಿನಲ್ಲಿ ಹೊಡೆದಿದ್ದಳು. ಸರ್ವೆ ನಂಬರು, ಹಳೇ ಪಹಣಿ, ಅಲ್ಲಿ ಮಣ್ಣಾದ ನೂರಾ ಹನ್ನೆರಡು ಜನರ ಹೆಸರು, ಯಾರು ಯಾವ ಹುಣಸೆಮರದ ಬುಡದಲ್ಲಿ ಮಲಗಿದ್ದಾರೆಂಬ ಗುರುತು. ಅಷ್ಟನ್ನೂ ಬಾಯಲ್ಲಿ ಹೇಳಿದ್ದ ಗಂಗಲಕ್ಷ್ಮಮ್ಮಜ್ಜಿ ಹೋದ ತಿಂಗಳು ತಾನೇ ಹೋಗಿ ಅವರ ಪಕ್ಕ ಮಲಗಿದ್ದಳು. ಈಗ ಆ ಪಟ್ಟಿ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ. ಪರದೆಯಿಲ್ಲದೆ ಅದು ಹೊರಗೆ ಬರುವಂತಿರಲಿಲ್ಲ. ದೊಡ್ಡಬಳ್ಳಾಪುರದ ತಾಲೂಕು ಕಚೇರಿಯಲ್ಲಿ ಸ್ಮಶಾನದ ವಿಚಾರಣೆ ಬುಧವಾರ ಬೆಳಿಗ್ಗೆ; ಅರ್ಜಿಯನ್ನು ಅಲ್ಲೇ ಕೊಡಬೇಕಿತ್ತು.

ಕೇರಿಯಲ್ಲಿ ಕೂಡಿಸಿದ್ದು ಮೂರು ಸಾವಿರ. ಅಷ್ಟಕ್ಕೆ ಸಿಕ್ಕರೆ ಸೆಕೆಂಡ್‌ಹ್ಯಾಂಡ್ ಮಾನಿಟರು ಸಿಗಬೇಕು. ಮಂಗಳವಾರ ಆಶಾರಾಣಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟಾಗ ದೊಡ್ಡಪ್ಪ ದೊಡ್ಡಮುನಿಯಪ್ಪ ಟವೆಲು ಕೊಡವಿ ಹೆಗಲಿಗೇರಿಸಿ ಹಿಂದೆಯೇ ಬಂದ. ಘಾಟಿಯ ದನದ ಜಾತ್ರೆಯಲ್ಲಿ ನಲವತ್ತು ವರ್ಷ ದಲ್ಲಾಳಿ ಕೆಲಸ ಮಾಡಿದವನು.

"ಮಾನಿಟರ್ ವಿಷ್ಯ ನಿಂಗೇನು ಗೊತ್ತು ದೊಡ್ಡಪ್ಪಾ?"

"ಅದ್ರ ವಿಷ್ಯ ಗೊತ್ತಿಲ್ಲ ಕಣವ್ವ. ಮಾರೋರ ವಿಷ್ಯ ಗೊತ್ತು."

ಅಂಗಡಿಯವನು ಮೂರು ಮಾನಿಟರು ಸಾಲಾಗಿ ನಿಲ್ಲಿಸಿ, ಫಳಫಳ ಹೊಳೆಯುವುದನ್ನೇ ಹೊಗಳತೊಡಗಿದ. ದೊಡ್ಡಪ್ಪ ಮೂರನ್ನೂ ಒಟ್ಟಿಗೆ ಹಚ್ಚಿ ಬಿಡಲು ಹೇಳಿದ. ಎಷ್ಟು ಹೊತ್ತು ಅಂತ ಅವನು ಕೇಳಿದ್ದಕ್ಕೆ, ನಾವು ಊಟ ಮಾಡೋಗಂಟ ಅಂದು ಅಂಗಡಿಯ ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆಯ ಬುತ್ತಿ ಬಿಚ್ಚಿದ. ಬಂದ ಗಿರಾಕಿಗಳು ಹುರುಳಿ ಸಾರಿನ ಘಮದ ನಡುವೆ ಕಾಲೆತ್ತಿ ದಾಟಿಕೊಂಡು ಹೋಗಬೇಕಾಯಿತು. ಆಶಾರಾಣಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಹಸಿವಾಯಿತು, ಅವಳೂ ಕೂತಳು.

ಎರಡನೇ ತುತ್ತಿಗೆ ಹೊಳೆಯುವ ಮಾನಿಟರು ನಡುಗತೊಡಗಿತು. ಮುದ್ದೆ ಮುಗಿಯುವಷ್ಟರಲ್ಲಿ ಇನ್ನೊಂದರ ಬಣ್ಣವೆಲ್ಲ ಒಂದೇ ಮೂಲೆಗೆ ಹರಿದುಹೋಯಿತು. ಮೈಯೆಲ್ಲ ಗೀರಿದ್ದ ಮೂರನೆಯದು ಮಾತ್ರ ಕದಲದೆ ನಿಂತಿತ್ತು. ದೊಡ್ಡಪ್ಪ ಅದರ ಬೆನ್ನು ಮುಟ್ಟಿ ಬಿಸಿ ನೋಡಿದ, ಮೂಸಿದ. ಕೇರಿಯ ಮೂರು ಸಾವಿರದಲ್ಲಿ ಬಸ್‌ಚಾರ್ಜು ಉಳಿಯುವಂತೆ ವ್ಯಾಪಾರ ಕುದುರಿಸಿದ. ಆಶಾರಾಣಿ ಆಟೋ ಕರೆಯಲು ಹೊರಗೆ ಹೋದಳು. ಬರುವಷ್ಟರಲ್ಲಿ ಡಬ್ಬ ಕಟ್ಟಿ ಆಗಿತ್ತು.

ಸಂಜೆ ಮನೆಯಲ್ಲಿ ಡಬ್ಬ ಬಿಚ್ಚಿದರೆ ಕರೆಂಟಿನ ವೈರು ಇಲ್ಲ.

"ಹಗ್ಗ ವಾಪಸ್ ಕೊಟ್ಟೆ," ಅಂದ ದೊಡ್ಡಪ್ಪ, ಒಳ್ಳೇ ಕೆಲಸ ಮಾಡಿದವನ ಗತ್ತಿನಲ್ಲಿ. "ದನ ಕೊಂಡೋರು ಹಗ್ಗ ಬಿಟ್ಟುಬರ್ಬೇಕು. ಅದು ಮಾರ್ದೋನ್ದು. ಅವ್ನೂ ಎರಡು ಕೈಲಿ ಇಸ್ಕೊಂಡ ಕಣವ್ವ, ಒಂದ್ಮಾತು ಆಡ್ಲಿಲ್ಲ."

ಯಾಕೆ ಆಡುತ್ತಾನೆ? ಆಶಾರಾಣಿ ತಲೆಯ ಮೇಲೆ ಕೈಹೊತ್ತು ಕೂತಳು. ಅಂಥದೇ ಇನ್ನೊಂದು ವೈರು ಕಂಪ್ಯೂಟರಿಗೇ ಬೇಕು. ಅದನ್ನು ಕಿತ್ತು ಇದಕ್ಕೆ ಹಾಕಿದರೆ ಪರದೆ ಬದುಕುತ್ತದೆ, ಕಂಪ್ಯೂಟರು ಸಾಯುತ್ತದೆ. ಪ್ರಿಂಟರಿನ ವೈರು ಅದರ ಮೈಗೇ ಅಂಟಿದ್ದು, ಕೀಳುವಂತಿಲ್ಲ. ದೊಡ್ಡಬಳ್ಳಾಪುರದ ರೇಡಿಯೋ ಅಂಗಡಿಗಳಿಗೆ ಮಂಗಳವಾರ ರಜ. ಊರಿನಲ್ಲಿ ಅಂಥ ವೈರು ಇದ್ದದ್ದು ಒಂದೇ ಮನೆಯಲ್ಲಿ. ಗೋಪಾಲಪ್ಪನವರ ಅಳಿಯ ತಂದುಕೊಟ್ಟ ಕಂಪ್ಯೂಟರು ಒಂದು ದಿನವೂ ಹತ್ತದೆ, ಮಖಮಲ್ಲು ಹೊದ್ದು, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಹೊತ್ತು ಪಡಸಾಲೆಯಲ್ಲಿ ಮೆರೆಯುತ್ತಿತ್ತು.

ಅವಳು ಅದನ್ನು ಹೇಳಿ ಮುಗಿಸುವ ಮೊದಲೇ ದೊಡ್ಡಪ್ಪ ಎದ್ದ. ಅವಳು ಜೊತೆಗೆ ಓಡಿದಳು.

ಗೋಪಾಲಪ್ಪನವರ ಜಗಲಿಯ ಕೆಳಗೆ ನಿಂತು ದೊಡ್ಡಪ್ಪ "ಬುದ್ಧೀ" ಅಂದ. ಆಶಾರಾಣಿ ಅವನ ತೋಳು ಹಿಡಿದೆಳೆದಳು. ಆಳು ಒಡೆಯನನ್ನು ಕರೆಯುವ ಆ ಪದ ಈ ಬಾಯಲ್ಲಿ ಬರಬಾರದೆಂದು ಅವಳು ಹಟ ಹಿಡಿದು, ಅವನು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನು ಅವಳ ಕಡೆ ನೋಡದೆ, ನಿಮ್ಮ ಕಂಪ್ಯೂಟರಿನ ಹಿಂದೆ ನೇತಾಡೋ ವೈರು ಒಂದು ದಿನದ ಮಟ್ಟಿಗೆ ಬೇಕು, ಊರಿಗೇ ಅಂಥದು ಇರೋದು ನಿಮ್ಮನೇಲಿ ಅಂದ. ಬಸ್ಸಿನ ಮೇಲಿಂದ ಡಬ್ಬ ಇಳಿದದ್ದು ಗೋಪಾಲಪ್ಪನವರ ಕಿವಿಗೆ ಆಗಲೇ ಬಿದ್ದಿತ್ತು. ಕೇರಿಯವರಿಗೆ ಎರಡೇ ದಿನದಲ್ಲಿ ಇನ್ನೊಂದು ಮಾನಿಟರು ಸಿಕ್ಕೀತೆಂದು ಅವರಿಗೆ ಹೊಳೆಯಲೇ ಇಲ್ಲ. ಟಿ.ವಿ. ತಂದ್ರೇನೋ ಅಂತ ನಕ್ಕರು.

"ಎಲ್ರೂ ಕೂತು ನೋಡೋ ಪೆಟ್ಟಿಗೆ ಬುದ್ಧಿ," ಅಂದ ದೊಡ್ಡಪ್ಪ.

ಕೇರಿಯವರು ಟಿ.ವಿ. ಮುಂದೆ ಬಿದ್ದುಕೊಂಡರೆ ಕಚೇರಿ ಅಲೆಯುವ ಚಟ ಬಿಡುತ್ತದೆ ಅಂತ ಗೋಪಾಲಪ್ಪನವರು ಜಗಲಿಯ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ತಾವೇ ಒಳಗೆ ಹೋಗಿ ವೈರು ಕಿತ್ತು ತಂದರು. ಮೇಲಿನಿಂದ ಎಸೆದರು. ದೊಡ್ಡಪ್ಪ ಟವೆಲು ಚಾಚಿ ಹಿಡಿದ.

ಆ ಸಂಜೆ ಇಡೀ ಕೇರಿ ನಿಜಕ್ಕೂ ಪೆಟ್ಟಿಗೆಯ ಮುಂದೆ ಕೂತಿತು. ಪರದೆಯ ಮೇಲೆ ಅವರವರ ಅಪ್ಪ, ಅಜ್ಜಿ, ಹಸುಗೂಸಿನಲ್ಲೇ ಹೋದ ಮಕ್ಕಳು ಸಾಲುಸಾಲಾಗಿ ಬಂದರು. ಪ್ರಿಂಟರು ಕಿರ್‌ಕಿರ್ ಅಂತ ಒಂಬತ್ತು ಹಾಳೆ ಹೊರಹಾಕಿತು.

ಬುಧವಾರ ತಹಸೀಲ್ದಾರರು ಹಾಳೆ ತಿರುಗಿಸಿ ತಿರುಗಿಸಿ ಒಂದು ಕುಂಟುನೆಪ ಹುಡುಕಿದರು. ಅಕ್ಷರಗಳು ಮುತ್ತಿನಂತಿದ್ದವು. ಕೊನೆಗೆ ಮುಂದಿನ ವಾರವೇ ಅಳತೆ ಅಂತ ಬರೆದು ಸೀಲು ಒತ್ತಿದರು. ಮುಖ ಕಪ್ಪಿಟ್ಟು ಹೊರಬಂದ ಗೋಪಾಲಪ್ಪನವರನ್ನು ದೊಡ್ಡಪ್ಪ ಮೆಟ್ಟಿಲಲ್ಲಿ ತಡೆದು, ನೀಟಾಗಿ ಸುತ್ತಿದ ವೈರನ್ನು ಮುಂದೆ ಹಿಡಿದ.

"ತಗಳಿ ಗೋಪಾಲಪ್ಪನೋರೆ. ಇದ್ರಲ್ಲೇ ಹೊಡ್ದಿದ್ದು."

ಅವರು ವೈರು ನೋಡಿದರು, ಆಶಾರಾಣಿಯ ಕೈಲಿದ್ದ ಹಾಳೆ ನೋಡಿದರು. ಕೈಚಾಚಲಿಲ್ಲ. ದೊಡ್ಡಪ್ಪ ಅದನ್ನು ಅವರ ಸ್ಕೂಟರಿನ ಹ್ಯಾಂಡಲಿಗೆ ಮೂಗುದಾರದ ಗಂಟು ಹಾಕಿ ಕಟ್ಟಿಬಂದ.

ಹೊಸ ವೈರು ಕೊಳ್ಳಲು ರೇಡಿಯೋ ಅಂಗಡಿಯ ಕಡೆ ನಡೆಯುತ್ತ ಆಶಾರಾಣಿ ಗೊಣಗಿದಳು: "ಅದನ್ನೇ ಇಟ್ಕೋಬಹುದಿತ್ತು."

"ಅವ್ರದ್ದು ನಮಗ್ಯಾಕವ್ವ," ಅಂದ ದೊಡ್ಡಪ್ಪ. "ನಮ್ದು ನಮಗೆ ಬರ್ಲಿ."